ಬಾಗಿಲ ಒಳಗಿನ ಕೈ

ಫಿಲೋಮೆನಾ ಬಾಯಿ, ನಿಮ್ಮ ಕಾರಿನ ಬಲಬಾಗಿಲ ಒಳಮೈಯಲ್ಲಿರುವ ಕೈಗುರುತು ನಿಮ್ಮ ಲೀನಾಳದಲ್ಲ. ನಿಮ್ಮ ಮಗಳ ಕೈಯನ್ನು ನಾನು ಉಜ್ಜಿ ಅಳಿಸಿದೆ — ನಾನೇ, ಈ ಶಾಂತವ್ವ. ಈಗ ನೀವು ದಿನವೂ ಸವರುವುದು ನನ್ನ ಮಗಳ ಕೈ. ಈ ಮಾತು ಎಷ್ಟು ಸಲ ನಾಲಿಗೆಯ ತುದಿಗೆ ಬಂದು ಹಿಂದೆ ಹೋಗಿದೆಯೋ, ದೇವರಿಗೇ ಗೊತ್ತು.

ಗೋವಾದ ಮಾಂಡವಿ ಹೊಳೆಯಲ್ಲಿ ಕ್ಯಾಸಿನೋ ಹಡಗುಗಳು ದೀಪ ಹಚ್ಚಿಕೊಂಡು ನಿಲ್ಲಲು ಶುರುಮಾಡಿದ್ದ ಕಾಲ ಅದು. ನಾವು ಬಾಗಲಕೋಟೆ ಕಡೆಯವರು, ಚಿಂಬಲ್‌ನಲ್ಲಿ ತಗಡಿನ ಮನೆ. ನಮ್ಮ ಮನೆಯವರು ಗಾಡಿಗಳ ತಗಡು ಬಡಿದು ಬಣ್ಣ ಹೊಡೆಯುವವರು. ಅವರು ಹಚ್ಚಿದ ಪುಟ್ಟಿಯ ಮೇಲೆ ನೀರು ಬಿಟ್ಟು, ವಾಟರ್ ಪೇಪರ್ ಎಂಬ ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವುದು ನನ್ನ ಪಾಲು. ಬಿಟ್ಟು ಬರಲು ಯಾರೂ ಇಲ್ಲದ್ದರಿಂದ ಮಗಳು ರೇಣುಕಾಳನ್ನೂ ಕಟ್ಟಿಕೊಂಡೇ ರಿಬಂದರಿನಲ್ಲಿ ಫೆರಿ ಹತ್ತಿ ಹೊಳೆಯಾಚೆಯ ನಿಮ್ಮ ಮನೆಗೆ ಬರುತ್ತಿದ್ದೆವು.

ಹಡಗಿನ ಕೆಲಸದಲ್ಲಿದ್ದ ನಿಮ್ಮ ಯಜಮಾನರು ಅಮೆರಿಕದಿಂದ ತರಿಸಿದ ನೀಲಿ ಕಾರು. ಎರಡೇ ಬಾಗಿಲು, ಉದ್ದ ಮೂತಿ, ಎಡಗಡೆ ಸ್ಟೀರಿಂಗು. ನೋಡಲು ಬರುವ ಹುಡುಗರು 'ಮಸಲ್ ಕಾರ್, ಗೋವಾದಲ್ಲಿ ಇಂಥದು ಇನ್ನೊಂದಿಲ್ಲ' ಎಂದು ಬಾಯಿ ಬಾಯಿ ಬಿಡುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೆ ಅದು ಷೆಡ್ಡಿನಲ್ಲಿ ತಾಡಪತ್ರಿ ಹೊದ್ದು ಬಿದ್ದಿತ್ತು.

"ಇನ್ನೊಂದು ಮಳಿ ತಡಿಯೂದಿಲ್ರೀ ಬಾಯಿ, ತುಕ್ಕು ತಿನ್ನಾಕತ್ತೈತಿ," ಎಂದರು ನಮ್ಮವರು.

ಮಾಡಿಸುವುದೋ, ಬಿಡುವುದೋ — ನೀವು ಕಾರಿನ ಬಲಬಾಗಿಲು ಹಿಡಿದು ಅಳೆದು ತೂಗಿದಿರಿ. ಆಮೇಲೆ ಅದನ್ನು ತೆರೆದು, ಕಿಟಕಿಯ ಕೆಳಗಿನ ತಗಡು ತೋರಿಸಿದಿರಿ. ಅಲ್ಲಿ ಒಂದು ಎಳೆಯ ಅಂಗೈ ಅಚ್ಚೊತ್ತಿತ್ತು. ರಜೆಗೆ ಬಂದ ಅಪ್ಪ ಬಣ್ಣ ಬಳಿಯುವಾಗ ಲೀನಾ ಹಸಿಯಲ್ಲೇ ಕೈ ಊರಿದ್ದಳಂತೆ. ಅದನ್ನು ಸರಿಮಾಡುವ ಮೊದಲೇ ಜ್ವರ ಬಂದು ಆ ಮಗು ಹೋಯಿತಂತೆ. ಹಿಂದಿಗೆ ಕೊಂಕಣಿ ಬೆರೆಸಿ ನೀವು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಈ ಕೈ ಉಳಿಯುವುದಾದರೆ ಮಾಡು, ಮಲ್ಲಪ್ಪ. ಇಲ್ಲದಿದ್ದರೆ ಕಾರು ಹೀಗೇ ಕೊಳೆಯಲಿ." ನಮ್ಮವರು ಗಾಡಿಗೆ ನಿಂಬೆಹಣ್ಣು ನಿವಾಳಿಸಿ ಕೊಯ್ದು, ಆಗಲಿ ಎಂದು ಮಾತು ಕೊಟ್ಟರು.

ನಮ್ಮೂರಿನ ಹೊಲದ ಬದುವಿನಲ್ಲಿ ಒಂದು ಮಾಸ್ತಿಕಲ್ಲಿದೆ, ಗಂಡನ ಚಿತೆ ಏರಿದವಳ ಕೈ ಕೆತ್ತಿದ ಕಲ್ಲು. ಅದರ ಮೇಲೆ ಕೈ ಇಟ್ಟವರನ್ನು ಅವಳು ಜೊತೆಗೆ ಕರೆದುಕೊಳ್ಳುತ್ತಾಳೆ ಎಂದು ನಮ್ಮವ್ವ ಹೆದರಿಸುತ್ತಿದ್ದಳು. ಕುಂಕುಮ ಏರಿಸುವುದೂ ದೂರದಿಂದಲೇ. ಗೋವಾಕ್ಕೆ ಬಂದರೂ ಆ ಹೆದರಿಕೆ ನನ್ನನ್ನು ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ನಾನು ಬಾನೆಟ್ಟು ಉಜ್ಜುತ್ತಿದ್ದೆ. ರೇಣುಕಾ ಕಾರಿನೊಳಗೆ ಕೂತು ಯಾರೊಂದಿಗೋ ಮಾತಾಡುತ್ತಿದ್ದಳು. ಇಣುಕಿದರೆ — ಅವಳ ಬಲಗೈ ಆ ಗುರುತಿನೊಳಗೆ. ಬೆರಳಿಗೆ ಬೆರಳು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

"ಅವ್ವಾ, ಒಳಗ ಬೆಚ್ಚಗ ಐತಿ," ಎಂದಳು.

ಮಾಸ್ತಿಕಲ್ಲು ನೆನಪಾಯಿತು. ಅವಳನ್ನು ಹೊರಗೆಳೆದು ಮನೆಗೆ ಕರೆದುಕೊಂಡು ಬಂದೆ. ಸಂಜೆಗೆ ಮೈ ಕೆಂಡ. ಉಪ್ಪು-ಮೆಣಸಿನಕಾಯಿ ನಿವಾಳಿಸಿದೆ, ಗುಳಿಗೆ ನುಂಗಿಸಿದೆ — ಇಳಿಯಲಿಲ್ಲ. ಬೆಳಗಿನ ಜಾವ ಕಣ್ಣು ಮುಚ್ಚಿಕೊಂಡೇ ಬಲಗೈ ಕೊಡವುತ್ತ ಅಂದಳು: "ಅವ್ವಾ, ಆಕಿ ಕೈ ಬಿಡವಲ್ಲಳು."

ಅವಳನ್ನು ಗಂಡನ ಮಡಿಲಲ್ಲಿ ಮಲಗಿಸಿ, ಔಷಧಿ ತರುತ್ತೇನೆಂದು ಸುಳ್ಳು ಹೇಳಿ, ಒಬ್ಬಳೇ ಫೆರಿ ಹತ್ತಿದೆ. ನೀವು ಪೂಜೆಗೆಂದು ಚರ್ಚಿಗೆ ಹೋಗಿದ್ದಿರಿ. ವಾಟರ್ ಪೇಪರ್ ತೊಯ್ಸಿ ಉಜ್ಜತೊಡಗಿದೆ. ನೀಲಿ ನೀರು ಮೊಣಕೈವರೆಗೂ ಹರಿಯಿತು. ಒಂದೊಂದೇ ಬೆರಳು ಹೋಯಿತು. ಹೆಬ್ಬೆರಳು ಮಾತ್ರ ಹೋಗುತ್ತಲೇ ಇರಲಿಲ್ಲ — ಬರಿಯ ತಗಡು ಕಾಣುವವರೆಗೆ ಉಜ್ಜಿದೆ. ನನ್ನ ಮಗಳನ್ನು ಬಿಡು ಎಂದು ಅಳುತ್ತಾ ಉಜ್ಜಿದೆ. ಅದೂ ಒಂದು ಮಗು ಎನ್ನುವುದು ಆ ಹೊತ್ತಿನಲ್ಲಿ ನನ್ನ ತಲೆಗೇ ಬರಲಿಲ್ಲ.

ಮನೆಗೆ ಬಂದರೆ ಜ್ವರ ಇಳಿದಿತ್ತು. ಗುಳಿಗೆಯಿಂದಲೋ, ಇದರಿಂದಲೋ — ನಾನೇನು ಹೇಳಲಿ.

ಮರುದಿನ ಷೆಡ್ಡಿಗೆ ಬಂದ ನಮ್ಮವರು ಬಾಗಿಲ ಬರಿಯ ತಗಡು ಸವರಿ ನೋಡಿದರು. "ಏನ ಮಾಡಿದಿ ಶಾಂತಾ! ಆ ಕೈ ಉಳಿತೈತಿ ಅಂತ ನಂಬಿ ಗಾಡಿ ಬಿಟ್ಟುಕೊಟ್ಟಾರ ಅವರು."

ಮುಂದಿನ ಉಪಾಯ ಹೊಳೆದದ್ದೂ ನನಗೇ. ಅಯ್ಯ, ನನ್ನ ಬುದ್ಧಿಗಿಷ್ಟು! ಯಾವ ಕೈಯನ್ನು ಬಿಡಿಸಿಕೊಳ್ಳಲು ಅಷ್ಟೆಲ್ಲ ಮಾಡಿದೆನೋ ಅದೇ ಕೈಯನ್ನು ಮತ್ತೆ ಅಲ್ಲಿಗೇ ಒಯ್ದೆ. ಆ ಅಳತೆಯ ಕೈ ಬೇರೆ ಯಾರದಿತ್ತು? ತಳಕ್ಕೆ ಪ್ರೈಮರ್ ಹಚ್ಚಿ, ಮೇಲೆ ನೀಲಿ ಹೊಡೆಸಿದೆ. "ಬ್ಯಾಡವ್ವಾ, ಬ್ಯಾಡವ್ವಾ" ಎಂದು ರೇಣುಕಾ ಹಿಂದೆ ಜಗ್ಗಿದಳು. ನಾನು ಮುಂಗೈ ಗಟ್ಟಿಯಾಗಿ ಹಿಡಿದು ಹಸಿ ಬಣ್ಣದ ಮೇಲೆ ಒತ್ತಿದೆ. ಬಣ್ಣ ಒಣಗಿದ ಮೇಲೆ ಹೊಳಪು ಸಾಯಲೆಂದು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಹಳತು ಮಾಡಿದೆ. ಈ ಕೆಲಸದಲ್ಲಿ ನನ್ನ ಕೈ ಪಳಗಿತ್ತಲ್ಲ.

ಕಾರು ಸಿದ್ಧವಾದ ದಿನ ನೀವು ಎಂಜಿನ್ನಿನ ಸದ್ದು ಕೇಳಿ ನಕ್ಕಿರಿ. ಆಮೇಲೆ ಒಳಗೆ ಬಗ್ಗಿ ಆ ಗುರುತಿಗೆ ಕೆನ್ನೆ ಒತ್ತಿದಿರಿ. "ಇದನ್ನು ಮುಟ್ಟಿಲ್ಲ ತಾನೆ?" ಎಂದು ಕೇಳಿದ್ದು ನನ್ನನ್ನೇ.

"ಮುಟ್ಟಿಲ್ರೀ ಬಾಯಿ. ಖರೇನ."

ಮಳೆಗಾಲ ಮುಗಿದ ಮೇಲೆ ನೀವು ಕರೆಸಿದಿರಿ. ನೀವೇ ಕಾರಿನ ಬಾಗಿಲು ತೆರೆದು ತೋರಿಸಿದಿರಿ. ರೇಣುಕಾಳ ಕೈಯ ಸಂದುಗಳಲ್ಲಿ ಬೇರೆ ಬೆರಳುಗಳು ಎದ್ದಿದ್ದವು, ಬೆರಳ ನಡುವೆ ಬೆರಳು ಸೇರಿಸಿ ಹಿಡಿದ ಹಾಗೆ. "ಹಸಿ ಹವಾಕ್ಕ ಪ್ರೈಮರ್ ಒಣಗಿಲ್ರೀ, ಕೆಳಗಿನ ಗೆರಿ ಮ್ಯಾಲ ಬಂದಾವು," ಎಂದು ನಮ್ಮವರು ತಡವರಿಸಿದರು. ಹಾಗೆ ಆಗುತ್ತದೆ, ಖರೆ. ಆದರೆ ಪೇಪರ್ ಉಜ್ಜಿದ ಗೆರೆ ಅಡ್ಡಡ್ಡ ಮೂಡುತ್ತದೆ ಬಾಯಿ, ಅದಕ್ಕೆ ಉಗುರು ಇರುವುದಿಲ್ಲ.

ನೀವು ಸಿಟ್ಟಾಗಲಿಲ್ಲ. ಆ ಬೆರಳುಗಳನ್ನು ಒಂದೊಂದಾಗಿ ಸವರಿ, ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಿರಿ: "ಇವಳ ಜೊತೆ ಇನ್ನೊಬ್ಬಳು ಯಾರು?"

ನಾನು ತಲೆ ತಗ್ಗಿಸಿ ಫೆರಿಯ ಕಡೆ ನಡೆದುಬಿಟ್ಟೆ. ಮತ್ತೆ ನಿಮ್ಮ ಹೊಸ್ತಿಲು ತುಳಿಯಲಿಲ್ಲ.

ರೇಣುಕಾ ಈಗ ಪಣಜಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದೊಡ್ಡವಳಾದರೂ ಬಲಗೈ ಮುಷ್ಟಿ ಕಟ್ಟಿಕೊಂಡೇ ಮಲಗುತ್ತಾಳೆ. ಬಿಡಿಸಲು ಹೋದರೆ ನಿದ್ದೆಯಲ್ಲೇ ಇನ್ನೂ ಬಿಗಿ ಹಿಡಿಯುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು: "ಅವ್ವಾ, ಆ ಬಾಯಿಗೆ ಇನ್ನಾ ಹೇಳಿಲ್ಲೇನು?"

ಹೆದರಿದ್ದೆ ಎಂದು ಹೇಳಿದರೆ ನನ್ನ ತಪ್ಪು ಚಿಕ್ಕದಾಗುವುದಿಲ್ಲ. ಮಗಳ ಸ್ಪರ್ಶವೆಂದು ನಿಮಗೆ ಉಳಿದಿದ್ದ ಒಂದೇ ಒಂದು ಗುರುತನ್ನು ನಾನು ನೀರಲ್ಲಿ ಹರಿಬಿಟ್ಟೆ. ಭಾನುವಾರ ನಾವು ತಾಯಿ-ಮಗಳಿಬ್ಬರೂ ಬರುತ್ತೇವೆ. ಒಳಗೆ ಕರೆಯಬೇಡಿ, ಷೆಡ್ಡಿನ ಹೊರಗೇ ನಿಂತು ಇಷ್ಟನ್ನೂ ಹೇಳುತ್ತೇನೆ. ಬೈಯಿರಿ, ಬಾಗಿಲು ಹಾಕಿಕೊಳ್ಳಿರಿ. ನೀವು ಅಂದು ಕೇಳಿದ ಆ ಇನ್ನೊಬ್ಬಳು ಇವಳೇ, ಬಾಯಿ. ಹೆಸರು ರೇಣುಕಾ. ನಿಮ್ಮ ಲೀನಾಳಿಗೆ ಮೊದಲಿನಿಂದಲೂ ಗೊತ್ತು.