ಅಜ್ಜಿ ಓದದ ಬೋರ್ಡು

ಇವತ್ತು ಕಾಂಪೌಂಡ್ ಗೋಡೆಯ ಬುಡದಲ್ಲಿ ಕಳೆ ಕೀಳುವಾಗ ನೀರುಕಡ್ಡಿ ಗಿಡವೊಂದು ಕೈಯಲ್ಲಿ ಮುರಿಯಿತು. ಅದೇ ಹಸಿ ವಾಸನೆ. ಚಿಕ್ಕಂದಿನಲ್ಲಿ ನಾವು ಸ್ಲೇಟು ಒರೆಸುತ್ತಿದ್ದುದು ಇದರಿಂದಲೇ.

ದೇರೆಬೈಲಿನ ಮನೆಯ ಜಗಲಿಯಲ್ಲಿ ಅಜ್ಜಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಒಮ್ಮೆ ತಪ್ಪು ಬಸ್ಸು ಹತ್ತಿ ದೂರದ ಬೈಕಂಪಾಡಿ ಮುಟ್ಟಿ, ಕತ್ತಲಾದ ಮೇಲೆ ಮನೆಗೆ ಬಂದರು. ಮರುದಿನ ಮೊರ ಬದಿಗಿಟ್ಟು, "ಮಗಾ, ದೇರೆಬೈಲ್ ಅಂತ ಬರೀಲಿಕ್ಕೆ ನನಗೆ ಕಲಿಸ್ತೀಯಾ? ಬಸ್ಸಿನ ಬೋರ್ಡು ನಾನೇ ಓದಬೇಕು" ಎಂದರು. ಮೂರನೇ ಕ್ಲಾಸಿನ ನನಗೆ ಟೀಚರಾಗುವ ಸಂಭ್ರಮ. ಮರದ ಸ್ಕೇಲು ಹಿಡಿದೇ ಕುಳಿತೆ.

ಅಜ್ಜಿ 'ದೇ' ಬರೆಯಹೊರಟರೆ ಪ್ರತಿ ಸಲವೂ 'ರೇ' ಆಗುತ್ತಿತ್ತು. ಮೂರನೆಯ ಸಂಜೆ ನಾನು ನಮ್ಮ ಟೀಚರ್ ಹೇಳುವಂತೆಯೇ, "ತಲೆಯಲ್ಲಿ ಎಂತ ಮಣ್ಣು ಉಂಟಾ?" ಎಂದು ಅವರ ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದೆ. ಕಲಿಸುವುದೆಂದರೆ ಅದೇ ಎಂದುಕೊಂಡಿದ್ದೆ.

ಅಜ್ಜಿ ಬೈಯಲಿಲ್ಲ. ನೀರುಕಡ್ಡಿಯಿಂದ ಸ್ಲೇಟನ್ನು ಚೊಕ್ಕ ಒರೆಸಿ ನನ್ನ ಚೀಲಕ್ಕೆ ಹಾಕಿದರು. "ಸಾಕು ಮಗಾ. ಬೀಡಿ ಕಟ್ಟಲಿಕ್ಕೆ ಬೆರಳು ಬೇಕಲ್ಲ" ಎಂದು ಮೊರ ಎಳೆದುಕೊಂಡರು. ಮತ್ತೆಂದೂ ಕಲಿಸೆಂದು ಕೇಳಲಿಲ್ಲ.

ಆಮೇಲೆ ಬಸ್ಸು ಬಂದಾಗಲೆಲ್ಲ "ದೇರೆಬೈಲಿಗೆ ಹೋಗ್ತದಾ?" ಎಂದು ಕಂಡಕ್ಟರನನ್ನು ಕೇಳುತ್ತಿದ್ದರು. ನಾನು ಅವರ ಕೈ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದೆ. ನನಗೆ ಓದಲು ಬರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಬೆರಳಿಗಂಟಿದ ರಸವನ್ನು ಅಂಗಿಗೆ ಒರೆಸಿಕೊಂಡೆ. ಇನ್ನೂ ಅರ್ಧ ಗೋಡೆಯ ಕಳೆ ಬಾಕಿಯಿದೆ.