ಕತ್ತಿಗೆ ಗ್ರೂವ್ ಯಾಕೆ?

ಆಫೀಸಿನ ರಾಜ್ಯೋತ್ಸವದ ನಾಟಕದಲ್ಲಿ ನನಗೆ ರಾಜನ ಪಾತ್ರ ಬಂದಿತ್ತು. ರಟ್ಟಿನ ಕತ್ತಿ ಬೇಡವೇ ಬೇಡ ಅಂತ ಹಟ ಹಿಡಿದು, ಪೀಣ್ಯದ ಸಣ್ಣ ವರ್ಕ್‌ಶಾಪೊಂದರಲ್ಲಿ ಕಬ್ಬಿಣದ ಮೊಂಡು ಕತ್ತಿ ಮಾಡೋಕೆ ಹೇಳಿದ್ದೆ. ತರಲು ಹೋದಾಗ ಅಲ್ಲಿ ಮೆಷಿನ್ ನಡೆಸುವ ಗಿರಿಜಕ್ಕ ಅಲಗಿನ ನಡುವೆ ಉದ್ದಕ್ಕೂ ಗ್ರೂವ್ ಕೊರೆದು ಮುಗಿಸುತ್ತಿದ್ದರು.

"ಇನ್ನೂ ಸ್ವಲ್ಪ ಆಳ ಮಾಡಿ ಅಕ್ಕ, ರಕ್ತ ಹರಿಯೋದೇ ಅದರಲ್ಲಿ," ಅಂದೆ, ತಿಳಿದವನ ಹಾಗೆ.

ಅವರು ಮೆಷಿನ್ ನಿಲ್ಲಿಸಿ ನನ್ನ ಮುಖ ನೋಡಿದರು. "ಯಾರು ಹೇಳಿದ್ದು ಸಾರ್?"

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಗ್ರೂವ್ ಕೊರೆಯದ, ಅಷ್ಟೇ ಉದ್ದದ ಇನ್ನೊಂದು ಅಲಗನ್ನು ಕೈಗೆ ಕೊಟ್ಟು, "ಚಾಚಿ ಹಿಡ್ಕೊಂಡು ನಿಮ್ಮ ಡೈಲಾಗ್ ಹೇಳಿ ನೋಡೋಣ" ಅಂದರು. ನಾಲ್ಕನೇ ಸಾಲಿಗೆ ರಾಜರ ಕೈ ನಡುಗತೊಡಗಿತು. ಆಮೇಲೆ ನನ್ನ ಕತ್ತಿ ಕೊಟ್ಟರು. ಡೈಲಾಗ್ ಪೂರ್ತಿ ಮುಗಿಯಿತು.

"ಭಾರ ಇಳಿಸೋಕೆ ಅಷ್ಟೇ ಸಾರ್. ನಡುವೆ ಇಷ್ಟು ತೆಗೆದ್ರೂ ಅಲಗು ಬಳುಕಲ್ಲ."

ಹೊಸ ಜ್ಞಾನವನ್ನು ಯಾರಿಗಾದರೂ ಹೇಳುವ ಆತುರದಲ್ಲೇ ಕತ್ತಿ ಹಿಡಿದು ನಾಗಸಂದ್ರ ಮೆಟ್ರೊ ಸ್ಟೇಷನ್ನಿಗೆ ಹೋದೆ. ಸೆಕ್ಯುರಿಟಿ ಮೇಡಂ ಗ್ರೂವ್ ವಿಷಯವನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಆಟೋ ಎಲ್ಲಿ ಸಿಗುತ್ತದೆ ಅಂತ ತೋರಿಸಿದರು.