ಬಾಗಿಲು ಮುಂದ ಮಾಡು

ನಮ್ಮ ಮನೆಯಲ್ಲಿ ಬಾಗಿಲನ್ನು ಯಾರೂ ‘ಮುಚ್ಚು’ತ್ತಿರಲಿಲ್ಲ. ಮಂದಿ ಬಾಳುವ ಮನೆಯ ಬಾಗಿಲು ಮುಚ್ಚಬಾರದು, ‘ಮುಂದ ಮಾಡ’ಬೇಕು, ಅಂದರೆ ಬರೀ ಮುಂದಕ್ಕೆ ಎಳೆಯಬೇಕು, ಎನ್ನುತ್ತಿದ್ದಳು ಅವ್ವ. ಉಪ್ಪು ತೀರಿದರೆ ‘ಹೆಚ್ಚಾಗೇತಿ’ ಅನ್ನಬೇಕು. ಹೋಗುವವರು ‘ಬರ್ತೀನಿ’ ಅನ್ನಬೇಕು. ಇಷ್ಟು ಮುನ್ನೆಚ್ಚರಿಕೆಯ ಮನೆಯಲ್ಲಿ ಹುಟ್ಟಿದ ನಾನು ಚಿಂತೆಗಾರನಾದದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ಮನೆಯಲ್ಲಿ ಅಣ್ಣ ಹೇಗೆ ಹುಟ್ಟಿದನೋ, ನನ್ನ ತಲೆಗೂದಲು ನೆರೆತರೂ ತಿಳಿದಿಲ್ಲ.

೧೯೬೦ರ ಆಸುಪಾಸಿನಲ್ಲಿ ಅವನು ಎಮ್ಮೆ ಮಾರಿ ಗೋಲಿ ಸೋಡಾ ತುಂಬುವ ಯಂತ್ರ ತಂದ.

“ಹಾಲು ಕೊಡೂದು ಮಾರಿ ನೀರು ಕೊಡೂದು ತಂದ್ಯಲ್ಲೋ ಯಪ್ಪಾ!” ಎಂದು ಅವ್ವ ಹಣೆ ಬಡಿದುಕೊಂಡಳು.

“ಎಮ್ಮಿ ಎರಡ ಹೊತ್ತು ಕೊಡ್ತಿತ್ತು ಬೇ. ಇದು ತಿರುವಿದಾಗೊಮ್ಮೆ ಕೊಡತೈತಿ,” ಎಂದ ಅಣ್ಣ.

ವಿಜಾಪುರದ ಅಂಚಿಗೆ, ಇಬ್ರಾಹಿಂಪುರದಲ್ಲಿ ರೈಲು ಹಳಿಯ ಮಗ್ಗುಲಿಗೆ ನಮ್ಮ ತಗಡಿನ ಶೆಡ್ಡು. ನೀರು ತುಂಬಿದ ಬಾಟಲಿಯನ್ನು ಕಬ್ಬಿಣದ ಪಂಜರದಲ್ಲಿಟ್ಟು ಗಾಲಿ ತಿರುಗಿಸಬೇಕು. ಗ್ಯಾಸು ಒಳಗಿಳಿದು, ಗೋಲಿ ಮೇಲೇರಿ ಬಾಯಿ ಬಿಗಿಯುತ್ತದೆ. ಗ್ಯಾಸು ಕಡಿಮೆಯಾದರೆ ಸಪ್ಪೆ. ಹೆಚ್ಚಾದರೆ ಬಾಟಲಿ ಸಿಡಿಯುತ್ತದೆ. ಇವೆರಡರ ನಡುವಿನ ಸಣ್ಣ ಜಾಗದಲ್ಲಿ ಅಣ್ಣನ ವ್ಯಾಪಾರ ನಿಂತಿತ್ತು. ಪಾಲುದಾರಿಕೆಗೆ ಅವನು ಧೈರ್ಯ ಹಾಕಿದ್ದ, ನಾನು ಚಿಂತೆ ಹಾಕಿದ್ದೆ. ಮುಖಕ್ಕೆ ತಂತಿ ಜಾಳಿಗೆ ಕಟ್ಟಿಕೋ ಎಂದು ನಾನು ಹಿಂದೆ ಬೀಳುವುದು, ಸೆಕೆಯಾಗುತ್ತದೆಂದು ಅವನು ಕಿತ್ತು ಬಿಸಾಡುವುದು ದಿನದ ಪಾಠ.

ಟಿಕೋಟಾದಲ್ಲಿ ಬಸ್ಸು ನಿಲ್ಲುವ ಕಡೆ ಅಂಗಡಿ ಹಾಕಿದ. ಆದರೆ ಒಬ್ಬರು ಬಾಯಿ ಹಚ್ಚಿದ ಬಾಟಲಿ ಇನ್ನೊಬ್ಬರಿಗೆ ಎಂಜಲು. ಹೀಗಾಗಿ ಊರವರೆಲ್ಲ ಸೋಡಾವನ್ನು ತಂಬಿಗೆಯ ನೀರಿನಂತೆ ಎತ್ತಿ ಕುಡಿಯಲು ಹೋದರು. ಎತ್ತಿದ ಕೂಡಲೇ ಗೋಲಿ ಉರುಳಿ ಬಂದು ಬಾಯಿಗೆ ಅಡ್ಡ ನಿಲ್ಲುತ್ತಿತ್ತು. ಬಾಯಿ ತೆರೆದು ಮುಗಿಲು ನೋಡುತ್ತ ನಿಂತವರ ಮೂಗಿನೊಳಗೆ ಫಸಕ್ಕನೆ ನೊರೆ ನುಗ್ಗುತ್ತಿತ್ತು.

“ಏನ್ ಸಾವಕಾರ, ಬಾಯಿ ಕಟ್ಟಿದ ನೀರು ಮಾರಾಕ ಬಂದಿ?” ಎಂದು ಕುರಿ ಕಾಯುವ ಹಿರಿಯನೊಬ್ಬ ಮೀಸೆ ಒರೆಸಿಕೊಂಡ.

ಆ ಬೇಸಿಗೆ ತುಂಬಿದ ಬಾಟಲಿಗಳು ತುಂಬಿದ ಹಾಗೆಯೇ ಬಸ್ಸು ಹತ್ತಿ ಮರಳಿದವು. “ಬಿಟ್ಟುಬಿಡೋಣು,” ಎಂದೆ. ಮಾರನೆಯ ಬೇಸಿಗೆಗೆ ಅಣ್ಣ ಅಂಗಡಿಯ ಮುಂದೆ ಕೂಗತೊಡಗಿದ: “ನಿಮ್ಮ ತಂಬಿಗಿ ನೀವು ತರ್ರಿ, ಸೋಡಾ ನಾ ಸುರೀತೀನಿ!” ಮೊದಲು ತಂಬಿಗೆ ತಂದವನು ಅದೇ ಹಿರಿಯ. ಕುಡಿದ, ಕಣ್ಣು ಅಗಲಿಸಿದ, ಆಮೇಲೆ ಬಸ್ಸಿನ ಹಾರ್ನಿನಂಥ ತೇಗು ತೇಗಿದ. ಅಷ್ಟೇ ಜಾಹೀರಾತು ಸಾಕಾಯಿತು. ಮುಂದೆ ಬಬಲೇಶ್ವರದ ಸಂತೆಗೂ ನಮ್ಮ ಸೋಡಾ ಹೋಯಿತು.

ಕೆಲವು ವರ್ಷ ಹೀಗೆ ನಡೆಯಿತು. ಒಂದು ಬೇಸಿಗೆಯ ಮೊದಲಿಗೆ, ಬಾಟಲಿಯೊಂದು ಅಣ್ಣನ ಕೈಯಲ್ಲೇ ಸಿಡಿಯಿತು. ಜಾಳಿಗೆ ಮೊಳೆಗೆ ನೇತಾಡುತ್ತಿತ್ತು.

ದವಾಖಾನೆಯಲ್ಲಿ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವನು ಕೇಳಿದ್ದು ಕಣ್ಣಿನ ಮಾತಲ್ಲ.

“ಶೆಡ್ಡಿನ ಬಾಗಲಾ ಏನ್ ಮಾಡಿ ಬಂದಿ?”

“ಮುಚ್ಚಿ ಬಂದೀನಿ,” ಎಂದೆ, ಗಾಬರಿಯಲ್ಲಿ.

“ಮುಂದ ಮಾಡಿ ಬಂದೀನಿ ಅನ್ನಲೇ, ಶಾಣ್ಯಾ.”

ಕೆಟ್ಟ ಕಣ್ಣನ್ನು ಬೇಗ ತೆಗೆಸದಿದ್ದರೆ ಚೆನ್ನಾಗಿರುವ ಕಣ್ಣಿಗೂ ಕುತ್ತು ಬರಬಹುದು ಎಂದರು ಡಾಕ್ಟರು. ಅಣ್ಣ ಎಂದಿನ ನಗೆ ನಕ್ಕ. “ಬ್ಯಾಸಗಿ ದಾಟ್ಲಿ ಸಾಹೇಬ್ರ. ಈಗ ಅಂಗಡಿ ಬಿಟ್ಟರ ಗಿರಾಕಿ ತಿರುಗಿ ಬರೂದಿಲ್ಲ.” ನಾನು ಕಾಲು ಹಿಡಿದೆ, ಅತ್ತೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಾಕೆ ಹಾಕಿಕೊಂಡಾನು? ಎಮ್ಮೆ ಮಾರಿದಾಗಲೂ ನಾನು ಹೀಗೇ ಅತ್ತಿದ್ದೆ. ಬಸ್ಸು ತಡವಾದರೂ ಹೀಗೇ ಅಳುತ್ತಿದ್ದೆ. ಚಿಲ್ಲರೆ ಚಿಂತೆಗಳಲ್ಲಿ ನನ್ನ ಮಾತಿನ ಬೆಲೆಯೆಲ್ಲ ತೀರಿಹೋಗಿತ್ತು.

ಮೊದಲ ಮಳೆ ಬೀಳುವ ಮುಂಚೆ ಅವನ ಇನ್ನೊಂದು ಕಣ್ಣಿಗೂ ಮಂಜು ಕವಿಯಿತು. ಆಮೇಲೆ ಡಾಕ್ಟರ ಕೈಯಲ್ಲೂ ಏನೂ ಉಳಿದಿರಲಿಲ್ಲ.

ಆದರೂ ಅಂಗಡಿ ನಿಲ್ಲಲಿಲ್ಲ. ಅಣ್ಣ ಟಿಕೋಟಾದಲ್ಲಿ ಕೂತು ಹೆಬ್ಬೆರಳಿನಿಂದ ಗೋಲಿ ಒತ್ತಿ, ತಂಬಿಗೆಗಳಿಗೆ ಸುರಿಯುತ್ತಿದ್ದ; ಶೆಡ್ಡಿನಲ್ಲಿ ಗಾಲಿ ನನ್ನ ಕೈಗೆ ಬಂತು. ಜಾಳಿಗೆ ಕಟ್ಟಿ, ಅದರ ಮೇಲೆ ಗೋಣಿತಟ್ಟು ಸುತ್ತಿ, ಮುಖ ಆಚೆ ತಿರುಗಿಸಿ ನಾನು ಗಾಲಿ ತಿರುಗಿಸುತ್ತಿದ್ದೆ. ಗ್ಯಾಸು ಏರುವ ಸಪ್ಪಳ ಕೇಳಿದರೆ ಸಾಕು, ಕೈ ತಾನೇ ನಿಲ್ಲುತ್ತಿತ್ತು. ಒಂದು ಬಾಟಲಿಯೂ ಸಿಡಿಯಲಿಲ್ಲ. ಒಂದು ಬಾಟಲಿಯೂ ನೊರೆ ಬಿಡಲಿಲ್ಲ.

“ತಮ್ಮನ ಸೋಡಾ ಕುಡದರ ತೇಗೂ ಬರೂದಿಲ್ಲ, ನಿದ್ದಿ ಬರತೈತಿ,” ಎಂದ ಕುರಿ ಕಾಯುವ ಆ ಹಿರಿಯ. ಅಣ್ಣ ಎಲ್ಲರ ಜೊತೆ ನಕ್ಕ. ಮನೆಗೆ ಬಂದು, “ಇನ್ನೊಂದೀಟು ತಿರುವಲೇ, ಅಂಜಬ್ಯಾಡ,” ಎಂದ. ತಿರುಗಿಸಲು ನೋಡಿದೆ. ಆಗಲಿಲ್ಲ. ಬಯ್ದಿದ್ದರೆ ಆಗುತ್ತಿತ್ತೇನೋ; ಅವನು ಬಯ್ಯಲೂ ಇಲ್ಲ.

ತಂಬಿಗೆಗಳು ಕಡಿಮೆಯಾದವು. ಹಿರಿಯ ಮಾತ್ರ ಬರುತ್ತಿದ್ದ, ಕುಡಿದು ಸುಳ್ಳೇ ತೇಗುತ್ತಿದ್ದ. ಕಾಣದ ಅಣ್ಣನಿಗೆ ಅದು ಸುಳ್ಳೆಂದು ಗೊತ್ತಿತ್ತು. ಯಂತ್ರ ಮಾರುವ ಮಾತನ್ನು ಕೊನೆಗೆ ಅವನೇ ಎತ್ತಿದ.

ಕೊನೆಯ ಸಂಜೆ ಟಿಕೋಟಾದ ಅಂಗಡಿಯಲ್ಲಿ ಒಂದು ಮುರುಕು ಬೆಂಚು ಬಿಟ್ಟರೆ ಏನೂ ಇರಲಿಲ್ಲ. ಅಣ್ಣನನ್ನು ಕೈಹಿಡಿದು ಬಸ್ಸಿನಲ್ಲಿ ಕೂಡಿಸಿ ಬಂದು, ನಾನು ಬಾಗಿಲ ಮುಂದೆ ನಿಂತೆ. ಬಸ್ಸು ಹಾರ್ನು ಹೊಡೆಯಿತು. ಬಾಗಿಲು ಎಳೆದೆ, ಓಡಿದೆ.

ಊರು ದಾಟಿದ ಮೇಲೆ ಅಣ್ಣ ಕೇಳಿದ, “ಚಿಲಕಾ ಹಾಕಿದೇನು?”

ಹಾಕಿರಲಿಲ್ಲ. ಈಗಲೂ ಮನೆಯ ಚಿಲಕವನ್ನು ಎದ್ದೆದ್ದು ನೋಡುವ ನಾನು, ಅವತ್ತು ಒಂದು ದಿನ ಹಾಗೇ ಬಿಟ್ಟು ಬಂದಿದ್ದೆ.

“ಇಲ್ಲಣ್ಣಾ.”

“ಹಂಗಾರ ಮುಂದ ಮಾಡಿ ಬಂದಿ ಅನ್ನು,” ಎಂದ, ಮುಖವನ್ನು ಕಿಟಕಿಯ ಗಾಳಿಗೆ ಒಡ್ಡಿಕೊಂಡು.